ಮೆಟ್ಟಿಲ ಮೇಲಿನ ಹಸಿರು ಕಪ್ಪೆ

ಉಲ್ಲಾಳ, ಬೆಂಗಳೂರು
೧೪ ಜೂನ್ ೨೦೨೪

ಯಜಮಾನರಿಗೆ ಕಮಲಾಕ್ಷಿಯ ನಮಸ್ಕಾರಗಳು.

ಸೊಂಟನೋವು ಹೇಗಿದೆ? ಆ ಪ್ರಕೃತಿ ಚಿಕಿತ್ಸೆಯವರು ಮೊಬೈಲು ಕಿತ್ತಿಟ್ಟುಕೊಂಡು ಬರೀ ಬೂದುಗುಂಬಳದ ರಸ ಕುಡಿಸುತ್ತಾರಂತೆ, ಮಗಳು ರಾಗಿಣಿ ಹೇಳಿದಳು. ಕದ್ದು ಕಾಫಿ ಕುಡಿಯಬೇಡಿ. ನಾನು ಕ್ಷೇಮ ಎಂದು ಬರೆಯುವ ಆಸೆಯೇನೋ ಇದೆ, ಈ ಮನೆಯಲ್ಲಿ ಅದು ಆಗುವ ಮಾತಲ್ಲ.

ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಸುಖವಾಗಿದ್ದವಳನ್ನು "ಹಳ್ಳಿ ಥರಾ ಇರುತ್ತೆ ಕಣೇ" ಎಂದು ಇಲ್ಲಿಗೆ ಕರೆತಂದಿರಿ. ಕಪ್ಪೆಗಳ ವಿಷಯ ಹೇಳಲೇ ಇಲ್ಲ. ನೀವು ಹೋದ ಮಾರನೆಯ ದಿನವೇ ಜೋರು ಮಳೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ತೆಂಗಿನ ಹೋಳಿನಷ್ಟು ದಪ್ಪದ ಹಸಿರು ಕಪ್ಪೆ, ಬೆನ್ನ ಮೇಲೊಂದು ಗೆರೆ, ಹಿಂದಿನ ಎಡಗಾಲು ಸೊಟ್ಟ. ಪೊರಕೆಯಿಂದ ತಳ್ಳಿದರೆ ಒಂದು ಗೇಣು ಸರಿದು ಮತ್ತೆ ಕೂರುತ್ತದೆ. ಥೇಟ್ ನಿಮ್ಮದೇ ಸ್ವಭಾವ. ಸಂಪಿನ ಪಕ್ಕ, ಒಗೆಯುವ ಕಲ್ಲಿನ ಕೆಳಗೆ, ಎಲ್ಲಿ ನೋಡಿದರೂ ಅದೇ ಜಾತಿ. ಬಟ್ಟೆ ಒಣಗಿಸಲು ಹೋಗುವುದಕ್ಕೂ ಭಯ.

ಇದು ಯಾವ ಕಪ್ಪೆ ಎಂದು ಕೇಳಿದ್ದೇ ತಪ್ಪಾಯಿತು. ರಾಗಿಣಿ ಫೋಟೋ ತರಿಸಿಕೊಂಡು ಯಾವುದೋ ಆ್ಯಪ್‌ಗೆ ಹಾಕಿದಳು. ಮೊದಲು ಮರಗಪ್ಪೆ ಎಂದಳು, ಆಮೇಲೆ ಬ್ರೆಜಿಲ್ಲಿನದು ಎಂದಳು. ಬ್ರೆಜಿಲ್ಲಿನಿಂದ ಉಲ್ಲಾಳಕ್ಕೆ ಯಾವ ಬಸ್ಸು ಹತ್ತಿ ಬಂತೋ! ಪಕ್ಕದ ಮನೆಯ ಕಾಂತರಾಜು "ವಿಷ ಆಂಟಿ, ಮುಟ್ಬೇಡಿ" ಎಂದ. ಅವತ್ತೇ ರಾಗಿಣಿಗೆ ಹೇಳಿದೆ, ನಿನ್ನ ಮನೆ ಹತ್ತಿರ ಬಾಡಿಗೆಗೆ ಒಂದು ಪೋರ್ಶನ್ ನೋಡು, ನಿಮ್ಮಪ್ಪ ಬರುವಷ್ಟರಲ್ಲಿ ನಾನು ಅಲ್ಲಿರುತ್ತೇನೆ ಎಂದು. ಅವಳು ನೋಡಿಯೂ ಬಿಟ್ಟಳು.

ಮತ್ತೆ ಮಳೆ ಬಂತು. ಹಸಿರು ಸಾಲದೆಂದು ಪಕ್ಕದ ಖಾಲಿ ಸೈಟಿನ ನೀರಿನಲ್ಲಿ ಅರಿಶಿನ ಬಳಿದುಕೊಂಡಂಥ ಕಪ್ಪೆಗಳು! ಗಲ್ಲದಡಿ ನೀಲಿ ಬಲೂನು ಬೇರೆ, ಕೂಗು ಗೂಳಿಯದ್ದು. ಸಾಕಾಯಿತು. ಹಿಡಿದು ಕೆರೆಗೆ ಬಿಟ್ಟು ಬಾ ಎಂದು ಕಾಂತರಾಜುಗೆ ಗೋಣಿಚೀಲ ಕೊಟ್ಟೆ. ಅವನು ಕೈಗೆ ಬಟ್ಟೆ ಸುತ್ತಿಕೊಂಡು ಸೈಟಿಗಿಳಿದು ಮೊದಲನೆಯ ಹಳದಿ ಕಪ್ಪೆಯನ್ನು ಎತ್ತಿದ. ಅದರ ಹಿಂದಿನ ಎಡಗಾಲು ಸೊಟ್ಟಗೆ ನೇತಾಡುತ್ತಿತ್ತು.

"ನಿಲ್ಲಪ್ಪಾ, ಇದು ನಮ್ಮನೇದು" ಎಂದುಬಿಟ್ಟೆ.

"ಏನಾಂಟಿ, ಕಪ್ಪೇಗೂ ಅಡ್ರೆಸ್ಸಾ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ದಿನಾ ನನ್ನ ಕೈಯಲ್ಲಿ ಬೈಸಿಕೊಂಡ ಪ್ರಾಣಿ ಚೀಲದ ಬಾಯಲ್ಲಿ ಒದ್ದಾಡುವುದನ್ನು ನೋಡಲಾಗಲಿಲ್ಲ. ಬಿಡಿಸಿದೆ. ಹಳದಿ ಕಪ್ಪೆಯ ಫೋಟೋ ಕಳಿಸಿದ ಮೇಲೆ ರಾಗಿಣಿ ಫೋನು ಮಾಡಿ, "ಅಮ್ಮಾ, ಅದು ಗೂಳಿಕಪ್ಪೆ ಅಂತೆ. ಮಳೆಗೆ ಗಂಡು ಮಾತ್ರ ಹಳದಿ ಆಗುತ್ತಂತೆ, ಏನೂ ಮಾಡಲ್ಲ" ಎಂದಳು. ಹಸಿರು, ಹಳದಿ ಎರಡೂ ಒಂದೇ ಎಂದು ಆ ಸೊಟ್ಟ ಕಾಲು ನೋಡಿ ನಾನು ಆಗಲೇ ಕಂಡುಕೊಂಡಿದ್ದೆನಲ್ಲ! ಮಳೆ ನಿಂತ ಮೇಲೆ ಬಣ್ಣ ಇಳಿಸಿಕೊಂಡು ಮತ್ತೆ ಮೆಟ್ಟಿಲಿಗೇ ಬಂದು ಕೂತಿದೆ, ದರಿದ್ರದ್ದು.

ಹೇಳಿದ ವ್ಯಾಯಾಮ ತಪ್ಪಿಸಬೇಡಿ. ಅಲ್ಲಿನ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ,
ಕಮಲಾಕ್ಷಿ

ಮರೆತಿದ್ದೆ: ಆ ಪೋರ್ಶನ್ ಬೇಡ ಎಂದು ರಾಗಿಣಿಗೆ ಹೇಳಿಬಿಟ್ಟೆ. ಗೆದ್ದೆ ಎಂದು ಕುಣಿಯಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ. ಸೈಟಿನ ನೀರಿನಲ್ಲಿ ಮರಿಗಳಾಗಿವೆ. ಅವಕ್ಕೆ ಕಾಲು ಮೂಡುವ ತನಕ ನಾನು ಎಲ್ಲಿಗೂ ಹೋಗುವುದಿಲ್ಲ.