ಒತ್ತಿಲ್ಲದ ಕ್ಷೇತ್ರ

ಪ್ರೆಸ್ಸಿನ ಮೇಲಿನ ಮನೆಯಿಂದ
ಮಾರ್ಚ್ ೮, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಇಲ್ಲ ಅತ್ತಿಗೆಯ ಕೈಲಿ ಮುಲಾಮು ಹಚ್ಚಿಸಿಕೊಳ್ಳುವುದಕ್ಕೆಂದೇ ಹಾಗೇ ಇಟ್ಟುಕೊಂಡಿದ್ದೀಯೋ? ನಾನು ಗಟ್ಟಿಮುಟ್ಟಾಗಿದ್ದೇನೆ. ಪ್ರೆಸ್ಸೂ ನಡೆಯುತ್ತಿದೆ. ಮದುವೆ ಕಾರ್ಡು, ಬಿಲ್ ಪುಸ್ತಕ, ಅಂಗಡಿಗಳ ಕರಪತ್ರ ಅಂತ ಕೈತುಂಬ ಕೆಲಸ. ಹೊಸ ಮೆಷಿನ್ನಿನ ಹುಡುಗಿ ಚುರುಕು, ಆದರೆ ಅಪ್ಪನ ಹಾಗೆ ಬೈಯಲು ಬರುವುದಿಲ್ಲ, ಅದೊಂದೇ ಕೊರತೆ.

ಸುದ್ದಿ ಏನೆಂದರೆ, ರದ್ದಾಗಿಹೋದ ನಮ್ಮ ಸಂಸತ್ ಕ್ಷೇತ್ರದ ನೆನಪಿಗೆ ಪುರಭವನದ ಬಾಗಿಲಲ್ಲಿ ಕಲ್ಲುಫಲಕ ಹಾಕಿಸುತ್ತಿದ್ದಾರೆ. ಗಡಿ ಬದಲಾಯಿಸಿ ರೈಲು ಹಳಿಯ ಆಚೆಯದನ್ನು ಒಂದು ಕ್ಷೇತ್ರಕ್ಕೆ, ಈಚೆಯದನ್ನು ಇನ್ನೊಂದಕ್ಕೆ ಹಂಚಿದರಲ್ಲ, ಅಂದಿನಿಂದ ನಮ್ಮನ್ನು ಕೇಳುವವರೇ ಇರಲಿಲ್ಲ. ಈಗ ಒಂದು ಸಮಿತಿಯಾಗಿದೆ. ಔಷಧಿ ಅಂಗಡಿಯವರು ಅಧ್ಯಕ್ಷರು. ಕ್ಷೇತ್ರದ ಮೊದಲ ಪ್ರಕಟಣೆ ಅಚ್ಚಾದದ್ದು ನಮ್ಮಲ್ಲೇ ತಾನೇ, ಹಾಗಾಗಿ ನನ್ನನ್ನೂ ಕರೆದರು. ಕರೆಯದಿದ್ದರೂ ಹೋಗುತ್ತಿದ್ದೆ ಅನ್ನು.

ಜಗಳ ಶುರುವಾದದ್ದು ಹೆಸರಿನಿಂದ. ನಿನಗೆ ಗೊತ್ತೇ ಇದೆ, ನಮ್ಮ ಊರಿನ ಹೆಸರಿನಲ್ಲಿ ಒತ್ತಕ್ಷರವಿದೆ, ಕ್ಷೇತ್ರದ ಹೆಸರಿನಲ್ಲಿ ಇಲ್ಲ. ಮೊದಲ ಚುನಾವಣೆಯ ಹೊತ್ತಿಗೆ ಸರ್ಕಾರಿ ಮುದ್ರಣಾಲಯಕ್ಕೆ ಕೆಲಸ ಮಿತಿಮೀರಿ ಗೆಜೆಟ್ಟಿನಲ್ಲಿ ನಮ್ಮ ಕ್ಷೇತ್ರದ ಹೆಸರಿದ್ದ ಪುಟವನ್ನು ನಮ್ಮ ಪ್ರೆಸ್ಸಿಗೆ ಕಳಿಸಿದ್ದರು. ಅಪ್ಪ ಅಚ್ಚಿನ ಮೊಳೆ ಜೋಡಿಸಿದರು. ಅಕ್ಷರ ಕೂತಿತು, ಅದರ ಕೆಳಗಿನ ಒತ್ತು ಬಿಟ್ಟುಹೋಯಿತು. ಕರಡು ತಿದ್ದುವವರಿಗೆ ಜ್ವರ. ತಾವು ಜೋಡಿಸಿದ್ದನ್ನು ತಾವೇ ಓದಿದರೆ ತಪ್ಪು ಎಲ್ಲಿ ಕಾಣುತ್ತದೆ? ಗೆಜೆಟ್ಟಿನಲ್ಲಿ ಬಂದದ್ದನ್ನು ತಿದ್ದಬೇಕಾದರೆ ಕಾನೂನೇ ತಿದ್ದಬೇಕು ಅಂದರಂತೆ. ಹಾಗೆ ಉಳಿದೇಹೋಯಿತು.

ಆ ದಿನಗಳಲ್ಲಿ ಅಪ್ಪ ತಲೆಯೆತ್ತಿ ಓಡಾಡಲಿಲ್ಲ. ಆಮೇಲೆ ನಾವು ಗೆಲ್ಲಿಸಿ ಕಳಿಸಿದ ಹೆರಿಗೆ ನರ್ಸಮ್ಮ ಸಂಸತ್ತಿನಲ್ಲಿ ಮೊದಲ ಸಲ ಎದ್ದುನಿಂತರು. ಸಭಾಧ್ಯಕ್ಷರು ಕ್ಷೇತ್ರದ ಹೆಸರನ್ನು ಒತ್ತು ಹಾಕಿ ಕರೆದರೆ, ಆಯಮ್ಮ ಕೂಡಲೇ, "ಸ್ವಾಮೀ, ನಾವು ಯಾರ ಒತ್ತಡಕ್ಕೂ ಮಣಿಯೋರಲ್ಲ, ಅದಕ್ಕೇ ಒತ್ತನ್ನೇ ಇಟ್ಕೊಂಡಿಲ್ಲ" ಅಂದುಬಿಟ್ಟರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತಂತೆ. ಅದು ಪತ್ರಿಕೆಯಲ್ಲಿ ಬಂದ ದಿನ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಸುಮ್ಮಸುಮ್ಮನೆ ಮಾರುಕಟ್ಟೆಗೆ ಹೋಗಿಬಂದರು. ಅಂದಿನಿಂದ ನಾವು 'ಒತ್ತಿಲ್ಲದವರು'. ಹೆಸರಿಗೆ ತಕ್ಕ ಹಾಗೇ ಬದುಕಿದೆವಲ್ಲ ಅಣ್ಣಾ! ಮಂತ್ರಿ ತಮ್ಮ ಮಗನನ್ನು ತಂದು ನಿಲ್ಲಿಸಿದರೆ ನಾವು ಬಸ್ ಕಂಡಕ್ಟರನ್ನು ಗೆಲ್ಲಿಸಿದೆವು. ಅವರು ಸಂಸತ್ತಿನಲ್ಲೂ ಬಸ್ಸಿನ ದನಿಯಲ್ಲೇ ಕೂಗಾಡಿ ಹೊಳೆಗೆ ಸೇತುವೆ ತಂದರು. ನಮ್ಮ ಕ್ಷೇತ್ರವನ್ನು ಒಡೆಯುವ ಮಸೂದೆ ಬಂದಾಗ ಅವರದೇ ಪಕ್ಷ ಕೈ ಎತ್ತು ಅಂದಿತು, ಅವರು ಎತ್ತಲಿಲ್ಲ. ಮುಂದಿನ ಸಲ ಟಿಕೆಟ್ ಹೋಯಿತು. ಕಂಡಕ್ಟರಿಗೇ ಟಿಕೆಟ್ ಇಲ್ಲ ಅಂತ ಊರೆಲ್ಲ ನಗಾಡಿತು, ಅವರೂ ನಕ್ಕರು.

ಇಂಥ ಹೆಸರನ್ನು ಸಮಿತಿಯ ನಿವೃತ್ತ ಎಂಜಿನಿಯರು ತಿದ್ದೋಣ ಅನ್ನುತ್ತಾರೆ! ತಪ್ಪನ್ನು ಕಲ್ಲಲ್ಲಿ ಕೆತ್ತಿಸಿದರೆ ನಾಳೆ ಮಕ್ಕಳು ನಗುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. "ನಗಲಿ ಬಿಡಿ, ನಕ್ಕಾದ್ರೂ ನೆನಪಿಟ್ಕೊಳ್ತಾರೆ. ಒತ್ತು ಹಾಕಿದ್ರೆ ಅದು ಬರೀ ಊರಿನ ಹೆಸರು. ಹುಟ್ಟೇ ಇಲ್ಲದ ಕ್ಷೇತ್ರಕ್ಕೆ ಕಲ್ಲು ನೆಡ್ತೀರಾ?" ಅಂತ ಕೂಗಿಯೇಬಿಟ್ಟೆ. ಔಷಧಿ ಅಂಗಡಿಯವರು ನೀರು ಕುಡಿಯಿರಿ ಅಂತ ಲೋಟ ಮುಂದಿಟ್ಟರು. ಅಷ್ಟರಲ್ಲಿ ಮೂಲೆಯಲ್ಲಿ ಕೋಲು ಹಿಡಿದು ಕೂತಿದ್ದ ಹಳೇ ಕಂಡಕ್ಟರು, "ಪಾರ್ಲಿಮೆಂಟಲ್ಲಿ ಎತ್ತದ ಕೈ ಕಣಮ್ಮಾ ಇದು. ಇವತ್ತು ಎತ್ತೀನಿ" ಅಂತ ಕೈ ಮೇಲೆತ್ತಿದರು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು. ಕೊನೆಗೆ ಎಂಜಿನಿಯರೂ ಎತ್ತಿದರು ಪಾಪ. ನಾನು ಅಳಬಾರದು ಅಂತಿದ್ದೆ, ಅತ್ತುಬಿಟ್ಟೆ.

ನಿನಗೆ ಈ ಹೆಸರಿನಿಂದ ಎಷ್ಟು ನೋವಾಗಿತ್ತು ಅನ್ನುವುದು ನನಗೆ ತಿಳಿಯದ್ದಲ್ಲ. ಶಾಲೆಯಲ್ಲಿ 'ಒತ್ತು ನುಂಗಿದವನ ಮಗ' ಅಂತ ನಿನ್ನನ್ನು ಗೋಳುಹೊಯ್ದುಕೊಂಡರು, ನೀನು ಹಠ ಹಿಡಿದು ಭಾಷೆಯ ಮೇಷ್ಟರೇ ಆದೆ. ಆದರೆ ಅಪ್ಪ ಚೌಕಟ್ಟು ಹಾಕಿಸಿಟ್ಟಿದ್ದ ಆ ಪುಟವನ್ನು ಬಿಚ್ಚಿ ಕೆಂಪು ಶಾಯಿಯಲ್ಲಿ ಒತ್ತು ಬರೆದೆಯಲ್ಲ, ಆ ದಿನ ಅವರು ಊಟಕ್ಕೆ ಏಳಲಿಲ್ಲ. ನನಗೆ ಇವತ್ತಿಗೂ ಸ್ವಲ್ಪ ಕೋಪವಿದೆ. ಅವರು ತೀರಿಕೊಂಡಾಗ ಬಂದುಹೋದವನು ಆಮೇಲೆ ಈ ಕಡೆ ತಲೆಹಾಕಿಲ್ಲ. ಆದರೂ ನಿನ್ನನ್ನು ಬಿಟ್ಟರೆ ಈ ಖುಷಿ ಹೇಳಿಕೊಳ್ಳಲು ನನಗೆ ಯಾರಿದ್ದಾರೆ, ಹೇಳು?

ಅತ್ತಿಗೆಯನ್ನು ತುಂಬ ಕೇಳಿದೆ ಅಂತ ಹೇಳು. ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಮೆಟ್ಟಿಲು ಇಳಿಯುವಾಗ ಜೋಪಾನ.

ನಿನ್ನ ಬಾಯಿಬಡುಕಿ ತಂಗಿ

ಮರೆತೇಬಿಟ್ಟಿದ್ದೆ: ಬರುವ ಭಾನುವಾರ ಫಲಕದ ಪರದೆ ಸರಿಸುತ್ತಾರೆ. ಆಹ್ವಾನ ಪತ್ರಿಕೆ ನಮ್ಮಲ್ಲೇ ಅಚ್ಚಾಗಿ ಊರಿಗೆಲ್ಲ ಹಂಚಿಯೂ ಆಯಿತು. ಕಲ್ಲಿನ ಮೇಲಿನ ಹೆಸರನ್ನು ಜನರೆದುರು ಓದುವವರು 'ಮೊಳೆ ಜೋಡಿಸಿದವರ ಹಿರಿಯ ಮಗ' ಅಂತ ಹಾಕಿದ್ದೇನೆ. ಅಚ್ಚಿನ ತಪ್ಪು ಅಂದುಕೊಳ್ಳಬೇಡ, ಬೇಕೆಂದೇ ಹಾಕಿದ್ದು. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನಾನೇ ಓದಬಹುದಿತ್ತು, ನನ್ನ ಬಾಯಿಗೇನು ಬರವೇ? ಆದರೆ ಅಪ್ಪ ಅದನ್ನು ನಿನ್ನ ಬಾಯಿಂದ ಕೇಳಬೇಕು ಅಂತ ಕೊನೆಯವರೆಗೂ ಕಾದರು. ಬಾ ಅಣ್ಣಾ. ಒಂದೇ ಒಂದು ಸಲ, ಅವರು ಜೋಡಿಸಿದ ಹಾಗೇ ಓದು.