ಬಿಳಿ ಚುಕ್ಕೆಗಳ ವಯಸ್ಸು

ಮಾರ್ಚ್ 9, ಸೋಮವಾರ

ಆ ಬಿಳಿ ಚುಕ್ಕೆಗಳು ಇನ್ನೂ ಕಣ್ಣಮುಂದಿನಿಂದ ಹೋಗಿಲ್ಲ.

ಧ್ರುವದ ಹಿಮದಲ್ಲಿ ಸಿಕ್ಕಿದ ಮುಷ್ಟಿಗಾತ್ರದ ಉಲ್ಕಾಶಿಲೆಗೆ ಇವತ್ತು ನಾನು ವಿವರಣೆ ಬರೆಯಬೇಕಿತ್ತು. ಕಪ್ಪು ಸಿಪ್ಪೆ, ಒಂದು ಬಿರುಕು, ಒಡೆದ ಕಡೆ ಸಾಸಿವೆಯಂಥ ದುಂಡು ಕಾಳುಗಳು, ಅಲ್ಲಲ್ಲಿ ತುಕ್ಕು. ಎಲ್ಲ ಮಾಮೂಲು. ಆದರೆ ಬಿರುಕಿನ ಅಂಚಿನಲ್ಲಿ ಬಿಳಿ ಚುಕ್ಕೆಗಳು! ಸೌರಮಂಡಲದ ಮೊದಮೊದಲ ಖನಿಜವೇ ಇರಬೇಕೆಂದು ಹಿರಿಹಿರಿ ಹಿಗ್ಗಿ, ವರ್ಗದ ಜಾಗದಲ್ಲಿ 'ಅಪರೂಪ' ಎಂದು ಬರೆದೇಬಿಟ್ಟೆ. ಅದೂ ಪೆನ್ನಿನಲ್ಲಿ.

ನಮ್ಮ ಪ್ರಯೋಗಾಲಯದಲ್ಲಿ ಕಲ್ಲು ಕೊಯ್ಯುವ ಅಕ್ಕ ಬಂದು ಭೂತಗನ್ನಡಿಯಲ್ಲಿ ಇಣುಕಿದರು. "ಹಿಮದ ಮೇಲೆ ತೆಗೆದ ಫೋಟೋ ನೋಡಿದ್ಯಾ?"

"ಇಲ್ಲ. ನೋಡಿದ್ರೆ ಕಣ್ಣು ಅದನ್ನೇ ಹುಡುಕುತ್ತೆ ಅಂತ ನೀವೇ ಹೇಳಿದ್ರಲ್ಲ?"

"ವಿವರಣೆ ಮುಗಿಯೋವರೆಗೆ ನೋಡ್ಬೇಡ ಅಂದೆ. ವರ್ಗ ಬರೆಯೋಕೆ ಮುಂಚೆ ನೋಡ್ಬೇಕು, ತಾಯಿ!"

ಫೋಟೋದಲ್ಲಿ ಅದೇ ಬಿರುಕು, ಬಿಳಿ ಮಾತ್ರ ಒಂದು ಚೂರೂ ಇಲ್ಲ. ಸೂಜಿಮೊನೆಯಷ್ಟು ಕೆರೆದು ನೀರಿಗೆ ಹಾಕಿದರೆ ಕರಗಿಹೋಯಿತು. ಉಪ್ಪು! ಬಿರುಕಿನೊಳಗಿನ ಹಿಮ ಕರಗಿ, ಕಲ್ಲು ಬಂದಾಗಿನಿಂದ ಈ ಹನ್ನೊಂದು ದಿನ ನಮ್ಮ ಕಪಾಟಿನಲ್ಲಿ ಆರುತ್ತಾ ಆರುತ್ತಾ ಹೊರಗೆ ತಂದಿಟ್ಟದ್ದು.

'ಅಪರೂಪ' ಹೊಡೆದುಹಾಕಿ 'ಸಾಮಾನ್ಯ' ಎಂದು ಬರೆದೆ. ಮುಖ ಸಪ್ಪಗಾಯಿತು, ನಿಜ. ಆದರೆ ಮನೆಯ ದಾರಿಯುದ್ದಕ್ಕೂ ಅದೇ ಯೋಚನೆ. ಕಲ್ಲಿಗೆ ನಾನೂರೈವತ್ತು ಕೋಟಿ ವರ್ಷ, ಚುಕ್ಕೆಗಳಿಗೆ ಹನ್ನೊಂದು ದಿನ. ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇತ್ತು. ಒಳಗೆ ಇದೆಲ್ಲ ಬೆಳೆಯುವಾಗ ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ನಾಳೆ ಹೋದ ತಕ್ಷಣ ನೋಡಬೇಕು, ಇವತ್ತು ಕೆರೆದ ಜಾಗದಲ್ಲಿ ಮತ್ತೆ ಬಿಳಿ ಮೂಡಿದೆಯಾ ಅಂತ.