ತಡಮಾಡದ ಪರದೆ

ಗುಬ್ಬಿ

ಪ್ರೀತಿಯ ಪ್ರಮೀಳಕ್ಕ,

ಶನಿವಾರ ತುಮಕೂರಿನಲ್ಲಿ ಕಂಪ್ಯೂಟರಿನ ಮಾನಿಟರ್ ಕೊಳ್ಳುವಾಗ ನೂರನಲವತ್ತನಾಲ್ಕು ಹರ್ಟ್ಸ್‌ಗಿಂತ ಕಡಿಮೆಯದು ಬೇಡ; ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾದರೆ ಆಟ ಸರಾಗವಾಗಿ ಓಡುತ್ತದೆ. ನನ್ನ ಬೆರಳುಗಳು ನಿಧಾನವಾಗುತ್ತಿವೆ, ಪರದೆಯಾದರೂ ತಡಮಾಡದಿರಲಿ. ಮೊನ್ನೆ ಆಟದ ನಡುವೆ ಮೌಸ್ ಒತ್ತಲು ಆಗಲೇ ಇಲ್ಲ. ಅಮ್ಮ, “ಸಾಕು ಬುಡೋ ಮಗ, ಸುಸ್ತಾಯ್ತದೆ” ಎಂದು ನನ್ನ ಕೈ ನೀವಿದಳು. ಕಾಲಿನ ಸ್ನಾಯುಗಳನ್ನು ತಿಂದ ಕಾಯಿಲೆ ಕೈಗೂ ಬಂದಿದೆ, ಮುಂದೆ ಉಸಿರಾಟಕ್ಕೂ ಬರುತ್ತದೆ ಎಂದು ಡಾಕ್ಟರ್ ಹೇಳಿದ್ದನ್ನು ಅವಳಿಗೆ ತಿಳಿಸಿಲ್ಲ. ನೀನೂ ತಿಳಿಸಬೇಡ.

ಆಟಕ್ಕೆ ಮಾತ್ರ ಆಗುವಂಥದ್ದನ್ನು ತರಬೇಡ. ಬಣ್ಣ ಚೆನ್ನಾಗಿರಲಿ, ಅಕ್ಷರಗಳು ಸ್ಪಷ್ಟವಾಗಿ ಕಾಣಲಿ. ಆಮೇಲೆ ನಿನ್ನ ಮಗಳ ಓದಿಗೂ ಅಮ್ಮನ ಧಾರಾವಾಹಿಗೂ ಆಗುತ್ತದೆ. ಅಂಗಡಿಯವರು “ಯಾರಿಗೆ ಮೇಡಂ?” ಎಂದು ಕೇಳಿದರೆ “ಮನೇಲಿ ಎಲ್ರಿಗೂ” ಅನ್ನು.

ವಾರಂಟಿ ಮೂರು ವರ್ಷ ಇರುತ್ತದಂತೆ. ಬಿಲ್ಲನ್ನು ನಿನ್ನ ಹೆಸರಿನಲ್ಲೇ ಬರೆಸು.

ನಿನ್ನ ತಮ್ಮ,
ಭಾನುಪ್ರಕಾಶ್